ಶರಣವ್ವನಿಗೆ ತಿಳಿದ ಜೀವಕೋಶ

ಅಗರಖೇಡದ ಶಾಲೆಯ ವರಾಂಡದಲ್ಲಿ ಭಾಷಣದ ಸರದಿಗಾಗಿ ಕಾಯುತ್ತ ಕೂತಿದ್ದೆ. ಅಡುಗೆಕೋಣೆಯಿಂದ ಬಿಸಿಯೂಟದ ಸಾರಿನ ವಾಸನೆ ಬಂತು. ಹಸಿವಾಗಬೇಕಿತ್ತು, ಆಯಾಸವಾಯಿತು. ನಿಮಗೂ ಕೆಲವು ವಾಸನೆಗಳು ಹೀಗೆ ಮಾಡುತ್ತಿರಬಹುದು.

ನಾನು ಮುದ್ದೇಬಿಹಾಳದ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು. ಮನೆಯಲ್ಲಿ ಸುಮ್ಮನೆ ಕೂತರೆ ಹೆಂಡತಿಗೆ ಕಾಟ ಎಂದು, ಊರೂರಿಗೆ ಹೋಗಿ ಜನರಿಗೆ ಜೀವಕೋಶದ ಬಗ್ಗೆ ಹೇಳುವ ಉದ್ಯೋಗ ಹಚ್ಚಿಕೊಂಡೆ. ಚೀಲದಲ್ಲಿ ಒಂದು ಸೂಕ್ಷ್ಮದರ್ಶಕ, ಬಾಯಿತುಂಬ ಹೋಲಿಕೆಗಳು. ಜೀವಕೋಶವೆಂದರೆ ವಾಡೆ, ಅದರೊಳಗೊಬ್ಬ ಗೌಡ, ಹೀಗೆ. ಸಂಶೋಧಕರು ವರ್ಷಗಟ್ಟಲೆ ಹೆಣಗಿ ‘ಬಹುಶಃ’ ಎಂದು ಬರೆದದ್ದನ್ನು ನಾನು ಅರ್ಧ ತಾಸಿನಲ್ಲಿ ‘ಖಂಡಿತ’ ಮಾಡಿಬಿಡುತ್ತಿದ್ದೆ. ಜನ ತಲೆದೂಗುತ್ತಿದ್ದರು, ನಾನು ಉಬ್ಬುತ್ತಿದ್ದೆ.

ಮನಗೂಳಿಯ ಶಾಲೆಯೊಂದರಲ್ಲಿ ಒಮ್ಮೆ ಕ್ಯಾನ್ಸರ್ ಬಗ್ಗೆ ಮಾತಾಡಿದೆ. “ಕ್ಯಾನ್ಸರ್ ಕೋಶ ಅಂದ್ರ ಪಂಕ್ತಿಯೊಳಗ ಎಲ್ಲಾರಕಿಂತ ಮೊದಲ ಕುಂತು, ಎಲ್ಲಾರ ಪಾಲೂ ತಾನ ಉಣ್ಣೋ ಹೊಟ್ಟಿಬಾಕ” ಎಂದೆ. ಎಲ್ಲರೂ ನಕ್ಕರು. ಬಿಸಿಯೂಟದ ಅಡುಗೆ ಮಾಡುವ ಶರಣವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು. ಆಕೆಯ ಎದೆಯಲ್ಲಿ ಗಂಟಾಗಿದೆ, ಚಿಕಿತ್ಸೆಗೆ ದಿನ ಗೊತ್ತಾಗಿದೆ ಎಂಬುದು ನನಗೆ ತಿಳಿದಿರಲಿಲ್ಲ.

ಎರಡು ತಿಂಗಳ ಮೇಲೆ ಆ ಶಾಲೆಯ ಹೆಡ್‌ಮಾಸ್ತರರು ಫೋನು ಮಾಡಿದರು. “ಸರ್, ಶರಣವ್ವಗ ನೀವ ಬಂದು ಹೇಳ್ರಿ. ನಮ್ಮ ಮಾತ ಕೇಳವಲ್ಲಳು. ಮೈಯಾಗ ಶಕ್ತಿ ಇಲ್ಲಂತ ದವಾಖಾನಿಯವ್ರು ಔಷಧ ಕೊಡದ ಎರಡ ಸಲ ವಾಪಸ್ ಕಳಿಸ್ಯಾರ.”

ಹೋದೆ. ನಮ್ಮ ಕಡೆ ಹರಕೆಗೆ, ಸೋಮವಾರಕ್ಕೆ ಒಪ್ಪತ್ತು ಇರುವುದು, ಅಂದರೆ ದಿನಕ್ಕೆ ಒಂದೇ ಹೊತ್ತು ಉಣ್ಣುವುದು, ಹೆಂಗಸರಿಗೆ ಹೊಸದಲ್ಲ. ಶರಣವ್ವ ನನ್ನ ಭಾಷಣದ ಮರುದಿನದಿಂದ ದಿನಾಲೂ ಒಪ್ಪತ್ತು ಹಿಡಿದಿದ್ದಳು. ಅದೂ ಅರ್ಧ ರೊಟ್ಟಿ. ಇಡೀ ಶಾಲೆಗೆ ಬಡಿಸಿ ತಾನು ನೀರು ಕುಡಿಯುತ್ತಿದ್ದಳು. ನನ್ನನ್ನು ಕಂಡು ಆಕೆಗೆ ಖುಷಿಯಾಯಿತು.

“ನೀವ್ ಹೇಳಿದ್ರಲ್ರಿ ಸರ್, ಹೊಟ್ಟಿಬಾಕ ಅಂತ. ಉಪವಾಸ ಕೆಡವೀನ್ರಿ ಅದನ್ನ. ಸಾಯ್ಲಿ.”

“ಹಂಗಲ್ಲ ಶರಣವ್ವ, ಅದು ಬರೇ ಹೋಲಿಕಿ. ಉಪವಾಸ ಇದ್ರ ಸೊರಗೋದು ನೀನ, ಅದಲ್ಲ.”

“ದವಾಖಾನಿಯೊಳಗ ಯಾರ್ ಏನ್ ಹೇಳಿದ್ರೂ ನನಗ ತಿಳೀಲಿಲ್ರಿ. ನೀವ್ ಹೇಳಿದ್ದೊಂದ ತಿಳಿದಿತ್ತು. ಅದೂ ಖರೇ ಅಲ್ಲೇನು?”

ತಾಟು ತರಿಸಿದೆ. ನನ್ನೆದುರಿಗೇ ಕೂತು ಉಂಡಳು.

ಚಿಕಿತ್ಸೆ ಶುರುವಾಯಿತು. ವರ್ಷದ ಮೇಲೆ ಶರಣವ್ವ ತೀರಿಕೊಂಡಳು. ಒಪ್ಪತ್ತಿನಿಂದ ಅಲ್ಲ ಎಂದು ಡಾಕ್ಟರರು ಹೇಳಿದರು. ಕಳೆದುಹೋದ ಆ ಎರಡು ತಿಂಗಳಿಂದ ಏನಾದರೂ ವ್ಯತ್ಯಾಸವಾಯಿತೇ ಎಂದು ಕೇಳಬೇಕಿತ್ತು. ಪ್ರಶ್ನೆ ಕೇಳ್ರಿ, ಪ್ರಶ್ನೆ ಕೇಳ್ರಿ ಎಂದು ಆಯುಷ್ಯವಿಡೀ ಹುಡುಗರ ಬೆನ್ನು ಹತ್ತಿದವನು ನಾನು. ಕೇಳಲಿಲ್ಲ. ಹೆದರಿದೆ.

ಈಗ ನನ್ನ ಭಾಷಣ ಸಪ್ಪೆ. ಅಗರಖೇಡದಲ್ಲೂ ಗೊತ್ತಿದ್ದದ್ದನ್ನು ಗೊತ್ತಿದ್ದಷ್ಟೇ ಹೇಳಿದೆ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೆ. ಹಿಂದಿನ ಸಾಲಿನವರು ಆಕಳಿಸಿದರು. ಕೊನೆಗೆ, “ಇದನ್ನೆಲ್ಲಾ ಕೇಳಿ ಮನಿಗೆ ಹೋಗಿ ಏನ್ ಮಾಡ್ತೀರಿ?” ಎಂದೆ. ಯಾವ ಊರಿಗೆ ಹೋದರೂ ಇದೊಂದನ್ನು ಕೇಳದೆ ಈಗ ನಾನು ಕೆಳಗಿಳಿಯುವುದಿಲ್ಲ.

“ಏನ್ ಮಾಡೋದ್ರಿ, ರೊಟ್ಟಿ ಬಡದು ಉಣ್ತೇವಿ” ಎಂದಳು ಮುಂದೆ ಕೂತ ಮುದುಕಿಯೊಬ್ಬಳು. ಎಲ್ಲರೂ ಗೊಳ್ಳೆಂದು ನಕ್ಕರು.

“ಉಣ್ರಿ ಯವ್ವಾ” ಎಂದೆ. “ಹೊಟ್ಟಿತುಂಬ ಉಣ್ರಿ.” ಮೈಕು ಕೆಳಗಿಟ್ಟೆ.