ಎಡಗಾಲಿನ ಮರ್ಯಾದೆ

ಇವತ್ತು ಬೆಳಿಗ್ಗೆ ಮಗಳು ನನ್ನ ಸೊಂಟಕ್ಕೆ ನೀಲಗಿರಿ ಎಣ್ಣೆ ತಿಕ್ಕಿ, "ನೋವು ಹೋಯ್ತಾ ಅಪ್ಪಾ?" ಎಂದಳು. ಆ ಘಾಟು ಮೂಗಿಗೆ ಹೊಡೆದದ್ದೇ ತಡ, ಯಲಹಂಕದ ನಮ್ಮ ಹಳೆಯ ಮನೆಯ ಪಡಸಾಲೆ, ಅಲ್ಲಿ ಇದೇ ಎಣ್ಣೆ ಹಚ್ಚಿಕೊಂಡು ಬೋರಲು ಮಲಗಿರುತ್ತಿದ್ದ ಅತ್ತಿಗೆ ನೆನಪಾದರು.

ನಾನು ಕಾಲು ಮುಂದಾಗಿ ಹುಟ್ಟಿದವನು. ನಗಬೇಡಿ, ಐವತ್ತರ ದಶಕದಲ್ಲಿ ನಮ್ಮ ಕಡೆ ಅದೊಂದು ಡಿಗ್ರಿ. ಅಂಥವರು ಭಾನುವಾರ ಬರಿಹೊಟ್ಟೆಯಲ್ಲಿ ಎಡಗಾಲಿನಿಂದ ಮೂರು ಸಲ ಒದ್ದರೆ ಸೊಂಟನೋವು ಹೋಗುತ್ತದೆಂದು ಜನ ನಂಬಿದ್ದರು. ಬಾಗಲೂರಿನಿಂದಲೂ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು ಮನೆಯಲ್ಲಿ ಕೂತಿದ್ದ ನನಗೆ ತಲೆ ತರದ ಮರ್ಯಾದೆಯನ್ನು ಕಾಲು ತಂದಿತ್ತು. ಶನಿವಾರ ಸಂಜೆಯೇ ಅದನ್ನು ಉಜ್ಜಿ ತೊಳೆದಿಡುತ್ತಿದ್ದೆ.

ಅಣ್ಣನ ಹೆಂಡತಿಗೆ ಎರಡನೇ ಹೆರಿಗೆಯಾದಾಗಿನಿಂದ ಸೊಂಟನೋವು. ಪ್ರತಿ ಭಾನುವಾರ ನಾನು ಒದೆಯುವುದು, ಹಿರಿಯರನ್ನು ಒದ್ದ ತಪ್ಪಿಗೆ ಅವರ ಕಾಲಿಗೆ ಬೀಳುವುದು, ಅತ್ತಿಗೆ "ಓಯ್ತು ಕಣಪ್ಪ, ಅಗುರಾಯ್ತು" ಎಂದು ನಗುವುದು.

ಒಂದು ದಿನ ಅಣ್ಣ, "ಯಶವಂತಪುರಕ್ಕೆ ಒಬ್ರು ಡಾಕ್ಟ್ರು ಬಂದವ್ರಂತೆ. ಇವಳನ್ನ ತೋರಿಸ್ಕೊಂಡ್ ಬರ್ತೀನಿ" ಎಂದು ಹೊರಟ. ನನಗೆ ಮೈಯೆಲ್ಲ ಉರಿಯಿತು. "ಊರೋರಿಗೆಲ್ಲ ವಾಸಿ ಮಾಡೋನ ಕೈಲಿ ಮನೆಯೋರಿಗೆ ಆಗ್ಲಿಲ್ಲ ಅಂತ ಜನ ಆಡ್ಕೊಳ್ಳಲ್ವಾ?" ಎಂದು ತಟ್ಟೆ ತಳ್ಳಿ ಎದ್ದೆ. ಬೇರೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ನನ್ನ ಮುಖ ನೋಡಿದರು. "ಬ್ಯಾಡ ಬುಡಿ, ನಂಗೆ ವಾಸಿಯಾಗೈತೆ" ಎಂದು ಒಳಗೆ ಹೋದರು.

ಅದೇ ಮಧ್ಯಾಹ್ನ ಹಿತ್ತಿಲಿಗೆ ಹೋದರೆ, ಅತ್ತಿಗೆ ಒರಳುಕಲ್ಲಿನ ಮುಂದೆ ಕೂತವರು ಏಳಲಾರದೆ, ಸೆರಗು ಬಾಯಿಗೆ ತುರುಕಿಕೊಂಡು ಅಳುತ್ತಿದ್ದರು. ನನ್ನನ್ನು ನೋಡಲಿಲ್ಲ. ನಾನು ಸದ್ದಾಗದಂತೆ ಹಿಂದಿರುಗಿದೆ. ಅಣ್ಣನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು, ಹೇಳಲಿಲ್ಲ. ಮುಂದಿನ ಭಾನುವಾರ ಮತ್ತೆ ಒದ್ದೆ. ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಮೂರು ವರ್ಷದ ಮೇಲೆ, ನೆಟ್ಟಗೆ ನಿಲ್ಲಲಾರದಂತಾದ ಅತ್ತಿಗೆಯನ್ನು ಕೊನೆಗೂ ಆ ಡಾಕ್ಟರ ಬಳಿಗೇ ಕರೆದೊಯ್ದೆವು. "ಇಷ್ಟು ದಿನ ಏನ್ರೀ ಮಾಡ್ತಿದ್ರಿ? ಮೊದಲೇ ಬಂದಿದ್ರೆ ಬೆನ್ನು ಹೀಗೆ ಬಾಗ್ತಿರ್ಲಿಲ್ಲ" ಎಂದು ಅವರು ರೇಗಿದರು. ಅಣ್ಣ ಬಾಯಿ ತೆರೆಯುವ ಮೊದಲೇ ಅತ್ತಿಗೆ, "ಆಗ ನೋವೇ ಇರ್ನಿಲ್ಲ ಸ್ವಾಮಿ" ಎಂದರು. ನಾನು ನನ್ನ ಚಪ್ಪಲಿ ನೋಡುತ್ತಾ ನಿಂತಿದ್ದೆ. ಸಾಯುವವರೆಗೂ ಅವರ ಬೆನ್ನು ನೆಟ್ಟಗಾಗಲಿಲ್ಲ.

ಮಗಳು ಎಣ್ಣೆ ಸೀಸೆಗೆ ಮುಚ್ಚಳ ಹಾಕುತ್ತಾ ಮತ್ತೆ ಕೇಳಿದಳು. ತನ್ನ ಕೈಗುಣದ ಮೇಲೆ ಅವಳಿಗೆ ಬಹಳ ನಂಬಿಕೆ.

"ಇಲ್ಲಮ್ಮ, ಹೋಗಿಲ್ಲ. ತುಂಬಾ ನೋಯ್ತಿದೆ. ಡಾಕ್ಟ್ರ ಹತ್ರ ಕರ್ಕೊಂಡ್ ಹೋಗು" ಎಂದೆ.

ಅವಳ ಮುಖ ಒಂದು ನಿಮಿಷ ಸಪ್ಪಗಾಯಿತು. ಆಮೇಲೆ ಆಟೋ ಕರೆಯಲು ಹೋದಳು. ಅಂದು ಅತ್ತಿಗೆಯನ್ನು ನಿಜ ಹೇಳಲು ಬಿಟ್ಟಿದ್ದರೆ ನನ್ನ ಮುಖವೂ ಒಂದು ನಿಮಿಷ ಸಪ್ಪಗಾಗುತ್ತಿತ್ತು, ಅಷ್ಟೇ.