ಕೂತ ಕೂಡಲೇ ಬಂದ ಎಲೆ ಅಡಿಕೆ

ಶನಿವಾರ, ಬಿಳಿಗೆರೆ ಹತ್ತಿರದ ತೆಂಗಿನ ನಾರಿನ ಮಿಲ್ಲು. ವಲಸೆ ಮತ್ತು ಗಡಿನಾಡಿನ ಬದುಕನ್ನು ತಿಳಿಯಲು ತಿಪಟೂರಿನ ನಮ್ಮ ಕಾಲೇಜಿನಿಂದ ಹೋದವರು ನಾಲ್ವರು, ಜೊತೆಗೆ ಮೇಡಂ. ಮಿಲ್ಲಿನ ಹಿಂದಿನ ಶೆಡ್ಡುಗಳಲ್ಲಿ ಕೆಲಸಕ್ಕೆ ಬಂದ ಅಸ್ಸಾಮಿನವರಿದ್ದಾರೆ. ಅವರ ಹಳ್ಳಿಯ ಹೊಳೆ ದಾಟಿದರೆ ಭೂತಾನ.

ಐದು ಬಾಗಿಲು ತಟ್ಟಿದೆವು. ನಾಲ್ಕು ಕಡೆ ಮಾತಾಡಲು ಒಪ್ಪಲಿಲ್ಲ. ಐದನೆಯ ಮನೆಯಾಕೆ ಒಳಗೆ ಕರೆದು ಚಾಪೆ ಹಾಸಿದರು. ನಾನು ಮೊದಲ ಪ್ರಶ್ನೆ ಕೇಳುವ ಮುಂಚೆಯೇ ಹಿತ್ತಾಳೆ ತಟ್ಟೆಯಲ್ಲಿ ವೀಳ್ಯದೆಲೆ, ಹಸಿ ಅಡಿಕೆ ತಂದಿಟ್ಟು ಒಳಗೆ ಹೋದರು.

ನಾವು ಮುಖ ಮುಖ ನೋಡಿಕೊಂಡೆವು. ನಮ್ಮ ಮನೆಗಳಲ್ಲಿ ಎಲೆ ಅಡಿಕೆ ಕೊಡುವುದು ಹೊರಟು ನಿಂತವರಿಗೆ.

"ಏಳ್ರಲಾ, ಕಳುಸ್ತಾವ್ರೆ," ಎಂದ ಪಕ್ಕದಲ್ಲಿ ಕೂತ ಗೆಳೆಯ.

ಮೇಡಂ ಒಂದೆಲೆ ತೆಗೆದುಕೊಂಡು, "ಬರ್ತೀವಮ್ಮ" ಎಂದು ಎದ್ದರು. ನಾವೂ ಹಿಂದೆಯೇ ಎದ್ದೆವು. ನಾರಿನ ರಾಶಿ ದಾಟುತ್ತಿದ್ದಾಗ ಆಕೆ ಟೀ ಸೋಸುವ ಜರಡಿ ಹಿಡಿದುಕೊಂಡೇ ಓಡಿಬಂದರು.

"ಯಾಕ್ರೀ ಹೊಂಟ್ರಿ? ಟೀ ಇಟ್ಟಿವ್ನಿ. ಬಂದು ಎರಡು ವರ್ಷ ಆಯ್ತು, ಈ ಊರೋರು ಯಾರೂ ನಮ್ಮನೇಲಿ ಏನೂ ಕುಡ್ದಿಲ್ಲ. ನೀವೂ ಕುಡಿಯಾಕಿಲ್ವಾ?"

ಮಿಲ್ಲಿನಲ್ಲಿ ಸಿಪ್ಪೆ ಸುಲಿಯುವ ಹೆಂಗಸರಿಂದ ಆಕೆ ಕಲಿತ ಕನ್ನಡ, ಥೇಟ್ ನಮ್ಮದೇ. ಮೇಡಂ ತಡವರಿಸುತ್ತಾ ನಮ್ಮ ಪದ್ಧತಿ ಹೇಳಿದರು.

"ಅಯ್ಯೋ! ನಮ್ಮಲ್ಲಿ ಬಂದೋರಿಗೆ ಮೊದ್ಲು ಇದೇಯ. ಕೊಡ್ದಿದ್ರೆ ಬರಬ್ಯಾಡಿ ಅಂದಂಗೆ."

ಮತ್ತೆ ಹೋಗಿ ಕೂತೆವು. ಟೀ ಬಂತು, ಎಳ್ಳು ತುಂಬಿದ ಅಕ್ಕಿಹಿಟ್ಟಿನ ಸುರುಳಿ ಬಂತು. ಹಸಿ ಅಡಿಕೆ ಅಗಿದು ನನ್ನ ಕಿವಿ ಬಿಸಿಯಾಗಿ, ಕೂತಲ್ಲಿ ಕೂರಲಾಗಲಿಲ್ಲ. ಆಕೆ ಚಿಕ್ಕಂದಿನಲ್ಲಿ ಕಿತ್ತಳೆ ಬಿಡಿಸಲು ಭೂತಾನಕ್ಕೆ ಹೋಗಿ ಸಂಜೆ ಮನೆಗೆ ಬರುತ್ತಿದ್ದರಂತೆ.

"ಅಲ್ಲಿ ಗಡಿ ಗೇಟಿನೋರು ಏನೂ ಕೇಳ್ತಿರ್ಲಿಲ್ಲ. ಇಲ್ಲಿ ಅಂಗ್ಡೀಗ್ ಹೋದ್ರೂ ಕೇಳ್ತಾರೆ, ನಿಂದ್ಯಾವ ದೇಶ ಅಂತ."

ಅದನ್ನೂ ಬರೆದುಕೊಂಡೆ. ಬರುವಾಗ ಬಸ್ಸಿನಲ್ಲಿ ಇವರು ಯಾವ ದೇಶದವರೋ ಎಂದು ನಾವೂ ನಮ್ಮ ನಮ್ಮಲ್ಲೇ ಕೇಳಿಕೊಂಡಿದ್ದೆವು.

ನಾಲ್ಕೂವರೆಯ ಬಸ್ಸಿಗೆ ಹೊತ್ತಾಗುತ್ತಿತ್ತು. ಮೇಡಂ ಮತ್ತೆ ಮತ್ತೆ ಗಡಿಯಾರ ನೋಡಿದರು. ಗೆಳೆಯ ಚಾಪೆಯ ಅಂಚು ಕೀಳುತ್ತಿದ್ದ. ಏಳುವುದು ಹೇಗೆ? ಎಲೆ ಅಡಿಕೆ ಆಗಲೇ ಕೊಟ್ಟಾಗಿತ್ತು, ಹೊರಡಿ ಎನ್ನಲು ಇನ್ನೇನೂ ಬರುವಂತಿರಲಿಲ್ಲ. ನಾವಾಗಿ ಎದ್ದರೆ ಎರಡನೇ ಸಲ ಓಡಿಹೋದಂತೆ. ಆಕೆ ಇನ್ನೊಂದು ಸುತ್ತು ಟೀ ಬಗ್ಗಿಸಿದರು. ರಸ್ತೆಯಲ್ಲಿ ಹಾರನ್ ಕೇಳಿಸಿತು, ದೂರವೂ ಆಯಿತು.

"ಹೋಯ್ತು," ಎಂದ ಗೆಳೆಯ.

ಆಕೆ ನಮ್ಮೆಲ್ಲರ ಮುಖ ನೋಡಿದರು. ಒಳಗೆ ಹೋಗಿ ಅದೇ ತಟ್ಟೆ ತಂದರು.

"ತಗಳಿ, ಇದು ನಿಮ್ಮೂರ ಪದ್ಧತೀದು. ಈಗ ಹೊರಡಿ."

"ಇನ್ನೊಂದ್ ಬಸ್ಸಿಗೆ ಒಂದ್ ಗಂಟೆ ಐತೆ ಕಣಕ್ಕ," ಎಂದು ಗೆಳೆಯ ಎಲೆ ತೆಗೆದುಕೊಂಡು ಚಾಪೆಯ ಮೇಲೆ ಕಾಲು ಚಾಚಿದ.