ಸಭ್ಯ ಮಲ್ಲರ ಕುಸ್ತಿ

ಒಸಾಕಾದ ಅಂಚಿನ ಪೇಟೆಯಲ್ಲಿ ಇಸ್ತ್ರಿ ಅಂಗಡಿ ಇಟ್ಟಿರುವ ಹಿಸಾನೊ ಬಿಡುವಾದಾಗಲೆಲ್ಲ ರೋಬೋಟ್ ಕಟ್ಟುತ್ತಾಳೆ. ಆಟಿಕೆಯ ಮೋಟಾರು, ಹಳೆಯ ಟೂತ್‌ಬ್ರಷ್ಷು, ಗಿರಾಕಿಗಳ ಕೋಟಿನಿಂದ ಉದುರಿದ ಗುಂಡಿ ಸಿಕ್ಕರೆ ಅವಳಿಗೊಬ್ಬ ಮಲ್ಲ ಸಿದ್ಧ. ಆದರೆ ಪೇಟೆಯವರ ರೋಬೋಟ್ ಸುಮೊ ಕುಸ್ತಿಯಲ್ಲಿ ಅವಳ ಮಲ್ಲರು ಒಮ್ಮೆಯೂ ಗೆದ್ದಿರಲಿಲ್ಲ. ವೃತ್ತದಿಂದ ಹೊರಬಿದ್ದವರು ಸೋತಂತೆ, ಹೊರಬೀಳಿಸುವವನು ಸದಾ ನೂಡಲ್ಸ್ ಅಂಗಡಿಯ ಕುರಮೋಚಿ. ಈ ಸಲ ಅವನನ್ನು ಸೋಲಿಸಲೇಬೇಕೆಂದು ಅವಳು ಹಟ ತೊಟ್ಟಿದ್ದಳು.

"ಇಸ್ತ್ರಿಪೆಟ್ಟಿಗೆಗೆ ಚಕ್ರ ಹಾಕ್ಕೊಂಡು ಬಂದ್ರಾ, ಹಿಸಾನೊ-ಸಾನ್?" ಎಂದ ಕುರಮೋಚಿ.

"ನಿಮ್ಮದು ಸೂಪಲ್ಲಿ ನೆನೆದ ಹಾಗಿದೆ. ಮೊದ್ಲು ಒರೆಸ್ಕೊಳ್ಳಿ."

ಕುಸ್ತಿಗೆ ಮುನ್ನ ಬಾಗಿ ನಮಿಸದಿದ್ದರೆ ಮರ್ಯಾದೆಯಲ್ಲ. ಎದುರಿನವರು ಬಾಗಿದರೆ ತಾನೂ ಬಾಗಬೇಕೆಂದು ಇಬ್ಬರೂ ತಮ್ಮ ಯಂತ್ರಕ್ಕೆ ಕಲಿಸಿದ್ದರು. ಗಂಟೆ ಹೊಡೆದಾಗ ಅವಳದು ಬಾಗಿತು. ಅವನದೂ ಬಾಗಿತು. ಅದನ್ನು ಕಂಡು ಅವಳದು ಮತ್ತೆ ಬಾಗಿತು. ಹೊಡೆದಾಟ ಶುರುವಾಗಲೇ ಇಲ್ಲ.

"ಇದೇನು ಕುಸ್ತೀನೋ, ಬೀಗರ ಭೇಟೀನೋ?" ಎಂದು ತೀರ್ಪುಗಾರ ಗೊಣಗಿದ.

ತನ್ನದೇ ಹೆಚ್ಚು ಸಭ್ಯವೆನಿಸಲೆಂದು ಕುರಮೋಚಿ ಅದನ್ನು ಸೊಂಟದವರೆಗೆ ಬಾಗುವಂತೆ ಮಾಡಿದ್ದ. ಅಷ್ಟು ಬಾಗಿದಾಗಲೆಲ್ಲ ಅದರ ಚಕ್ರ ಒಂದಿಷ್ಟು ಹಿಂದಕ್ಕೆ ಜಾರುತ್ತಿತ್ತು. ಮನೆಬಾಗಿಲಲ್ಲಿ ಹೊರಡಲು ನಿಂತ ಅತಿಥಿಯಂತೆ ಬಾಗುತ್ತ, ಹಿಂದೆ ಸರಿಯುತ್ತ ಅದು ವೃತ್ತ ದಾಟಿ ದೊಪ್ಪನೆ ಬಿತ್ತು.

"ಮುಟ್ಟಲೇ ಇಲ್ವಲ್ರೀ! ಇದ್ಯಾವ ಸೀಮೆ ಗೆಲುವು?" ಎಂದು ಕುರಮೋಚಿ ಕೂಗಾಡಿದ.

"ನಾನೇನ್ ಮಾಡ್ಲಿ? ಹೊರಟೋರನ್ನ ಹಿಡಿದು ನಿಲ್ಲಿಸೋಕಾಗುತ್ತಾ?" ಎನ್ನುತ್ತ ಹಿಸಾನೊ, ಇನ್ನೂ ಬಾಗುತ್ತಲೇ ಇದ್ದ ತನ್ನ ಮಲ್ಲನ ಸ್ವಿಚ್ಚು ಆರಿಸಿ ಕಂಕುಳಿಗೆ ಸೇರಿಸಿಕೊಂಡಳು.